ಕೆಲಸ ಕಲಿಯುವವನ ಊಟದ ಖರ್ಚು ಯಾರದು? ಗುಬ್ಬಿ ಕಂಪನಿಯಿಂದ ಇಂಟರ್ನ್‌ಶಿಪ್‌ವರೆಗೆ

ಬಿ.ಇ. ಕೊನೆಯ ವರ್ಷದಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳಿರುವ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: ‘ಇಂಟರ್ನ್‌ಶಿಪ್ ಮಾಡಬೇಕು, ದುಡ್ಡು ಬೇಕು.’ ಕಡಬ, ನಿಟ್ಟೂರು, ಚೇಳೂರು ಕಡೆಯ ಅಪ್ಪ-ಅಮ್ಮಂದಿರಿಗೆ ಇದೊಂದು ಒಗಟು. ಕೊಬ್ಬರಿ, ಅಡಿಕೆ ಮಾರಿ ಕಾಲೇಜಿನ ಫೀಸು ಕಟ್ಟಿಯಾಗಿದೆ. ಈಗ ಕಂಪನಿಗೆ ಹೋಗಿ ಕೆಲಸ ಮಾಡುವುದಕ್ಕೂ ನಾವೇ ದುಡ್ಡು ಕೊಡಬೇಕೇ ಎಂದು ಕೇಳುತ್ತಾರೆ. ಕೇಳುವುದು ಸರಿಯಾಗಿಯೇ ಇದೆ. ಹಿಂದಿನದನ್ನು ತಿರುಗಿ ನೋಡಿದರೆ ಇತಿಹಾಸ ಅವರ ಪರವಾಗಿದೆ.

ಗುಬ್ಬಿ ಕಂಪನಿಯ ಲೆಕ್ಕ

ಕೆಲಸ ಮಾಡುತ್ತಲೇ ಕೆಲಸ ಕಲಿಯುವುದು ನಮ್ಮ ತಾಲ್ಲೂಕಿಗೆ ಹೊಸದಲ್ಲ. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಕಂಪನಿ ಅಂಥದ್ದೇ ಒಂದು ಶಾಲೆ. ಗುಬ್ಬಿ ವೀರಣ್ಣನವರೇ ಬಾಲಕನಾಗಿ ಅಲ್ಲಿ ಸೇರಿ, ಪಾತ್ರ ಮಾಡುತ್ತ ಕಲಿತು, ಮುಂದೆ ಕಂಪನಿಯ ಯಜಮಾನರಾದರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ, ಅಂದರೆ ನಮ್ಮ ಡಾ. ರಾಜ್‌ಕುಮಾರ್, ಅಲ್ಲೇ ಬಣ್ಣ ಹಚ್ಚಿದರು. ಜಿ.ವಿ. ಅಯ್ಯರ್ ಕೂಡ ಚಿಕ್ಕ ಹುಡುಗನಾಗಿಯೇ ಆ ಕಂಪನಿ ಸೇರಿದವರು.

ಇಂಥ ಕಂಪನಿಗಳಲ್ಲಿ ಹುಡುಗರು ಪರದೆ ಎಳೆದರು, ಸಾಮಾನು ಹೊತ್ತರು, ಸಣ್ಣ ಪಾತ್ರ ಮಾಡಿದರು. ದುಡಿಮೆ ಕಷ್ಟದ್ದೇ. ಆದರೆ ಊಟ, ವಸತಿ ಕಂಪನಿಯದು. ಬಿ.ವಿ. ಕಾರಂತರು ದಕ್ಷಿಣ ಕನ್ನಡದಿಂದ ಮನೆ ಬಿಟ್ಟು ಬಂದು ಗುಬ್ಬಿ ಕಂಪನಿ ಸೇರಿದವರು. ಅವರನ್ನು ಎಂ.ಎ. ಓದಲು ಕಾಶಿಗೆ ಕಳಿಸಿದವರು ವೀರಣ್ಣನವರು. ಕಲಿಯುವ ಹುಡುಗನ ಹೊಟ್ಟೆಪಾಡನ್ನು ಕಲಿಸುವವನೇ ನೋಡಿಕೊಳ್ಳಬೇಕು ಎಂಬುದು ಅಂದಿನ ಲೆಕ್ಕ.

ದೂರದ ದೇಶದಲ್ಲೂ ಅದೇ ಲೆಕ್ಕ

ಕಾಲೇಜು ಮತ್ತು ಕಾರ್ಖಾನೆಯನ್ನು ಜೋಡಿಸುವ ಯೋಚನೆ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ 1906ರಲ್ಲಿ ಜಾರಿಗೆ ಬಂತು. ಹರ್ಮನ್ ಷ್ನೈಡರ್ ಎಂಬ ಪ್ರಾಧ್ಯಾಪಕರು ಎಂಜಿನಿಯರಿಂಗ್ ಹುಡುಗರಿಗೆ ಕೆಲ ದಿನ ಪಾಠ, ಕೆಲ ದಿನ ಕಾರ್ಖಾನೆ ಎಂಬ ಸರದಿ ಮಾಡಿದರು. ಕಾರ್ಖಾನೆಯ ದಿನಗಳಿಗೆ ಕೂಲಿ ಸಿಗುತ್ತಿತ್ತು. ಬಡ ಹುಡುಗ ಅದೇ ದುಡ್ಡಿನಲ್ಲಿ ಓದು ಮುಂದುವರಿಸಬಹುದಿತ್ತು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ 1957ರಲ್ಲಿ ಇದೇ ಪದ್ಧತಿಯಿಂದಲೇ ಶುರುವಾಯಿತು. ಮುಂದೆ ಅಲ್ಲಿನ ಕಂಪ್ಯೂಟರ್ ವಿದ್ಯಾರ್ಥಿಗಳು ಸಾಫ್ಟ್‌ವೇರ್ ಕಂಪನಿಗಳಲ್ಲಿ ಸಂಬಳ ಪಡೆದೇ ಕೆಲಸ ಕಲಿತರು.

1961ರ ಕಾಯ್ದೆ

ನಮ್ಮ ದೇಶದಲ್ಲಿ 1961ರಲ್ಲಿ ಅಪ್ರೆಂಟಿಸ್ ಕಾಯ್ದೆ ಬಂತು. ಅಪ್ರೆಂಟಿಸ್‌ಗೆ ತಿಂಗಳು ತಿಂಗಳು ಸ್ಟೈಪೆಂಡ್ ಕೊಡಲೇಬೇಕು ಎಂದು ಅದು ಕಟ್ಟು ಮಾಡಿತು. ಮೊದಲು ಇದ್ದದ್ದು ಫಿಟ್ಟರ್, ಟರ್ನರ್‌ನಂಥ ಕಸುಬುಗಳಿಗೆ. 1973ರ ತಿದ್ದುಪಡಿಯಲ್ಲಿ ಎಂಜಿನಿಯರಿಂಗ್ ಪದವಿ ಮತ್ತು ಡಿಪ್ಲೊಮಾ ಮುಗಿಸಿದವರೂ ಸೇರಿದರು. 2019ರ ನಿಯಮದಂತೆ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000 ರೂಪಾಯಿ ನಿಗದಿಯಾಯಿತು. 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯವಾಯಿತು.

ಆದರೆ ಓದುತ್ತಿರುವಾಗಲೇ ಮಾಡುವ ‘ಇಂಟರ್ನ್‌ಶಿಪ್’ಗೆ ಸ್ಟೈಪೆಂಡ್ ಕೊಡಲೇಬೇಕು ಎನ್ನುವ ಇಂಥ ಕಾಯ್ದೆ ಇಲ್ಲ. ಎರಡೂ ಕೆಲಸ ಕಲಿಯುವುದೇ ಆದರೂ ಒಂದಕ್ಕೆ ಕಾನೂನಿನ ಬೆಂಬಲವಿದೆ, ಇನ್ನೊಂದಕ್ಕೆ ಇಲ್ಲ. ಮುಂದಿನ ಕಥೆಯೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಸಾಫ್ಟ್‌ವೇರ್ ಬಂದ ಮೇಲೆ

ತುಮಕೂರಿಗೆ ಎಂಜಿನಿಯರಿಂಗ್ ಬೇಗ ಬಂತು. ಸಿದ್ಧಗಂಗಾ ತಾಂತ್ರಿಕ ಕಾಲೇಜು 1963ರದು, ಶ್ರೀ ಸಿದ್ಧಾರ್ಥ ಕಾಲೇಜು 1979ರದು. ಗುಬ್ಬಿಯಲ್ಲೇ ಚನ್ನಬಸವೇಶ್ವರ ತಾಂತ್ರಿಕ ಕಾಲೇಜು ಶುರುವಾದದ್ದು 2001ರಲ್ಲಿ. ಅತ್ತ ಬೆಂಗಳೂರಿನಲ್ಲಿ 1970ರ ದಶಕದ ಕೊನೆಗೆ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿತು. ಪುಣೆಯಲ್ಲಿ ಹುಟ್ಟಿದ ಇನ್ಫೊಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು.

ಆ ಕಾಲದ ದೊಡ್ಡ ಕಂಪನಿಗಳು ಹುಡುಗರನ್ನು ಮೊದಲು ಕೆಲಸಕ್ಕೆ ಸೇರಿಸಿಕೊಂಡು, ಆಮೇಲೆ ತಾವೇ ತರಬೇತಿ ಕೊಡುತ್ತಿದ್ದವು. ಇನ್ಫೊಸಿಸ್‌ನ ಮೈಸೂರು ಕ್ಯಾಂಪಸ್ ಅದಕ್ಕೆಂದೇ ಕಟ್ಟಿದ್ದು. ವಿಪ್ರೊ 1995ರಲ್ಲಿ ಬಿಟ್ಸ್ ಪಿಲಾನಿ ಜೊತೆ ಸೇರಿ, ಬಿ.ಎಸ್ಸಿ. ಮುಗಿಸಿದವರನ್ನು ಕೆಲಸಕ್ಕೆ ಇಟ್ಟುಕೊಂಡು ಎಂ.ಎಸ್. ಓದಿಸುವ ವ್ಯವಸ್ಥೆ ಮಾಡಿತು. ಎಂಜಿನಿಯರಿಂಗ್ ಸೀಟು ಸಿಗದೆ ಬಿ.ಎಸ್ಸಿ. ಸೇರಿದ ಹಳ್ಳಿಯ ಹುಡುಗರಿಗೂ ಅದೊಂದು ದಾರಿ. ಅಂದರೆ ವೀರಣ್ಣನವರ ಲೆಕ್ಕ ಇನ್ನೂ ನಡೆಯುತ್ತಿತ್ತು.

ಲೆಕ್ಕ ಉಲ್ಟಾ ಆದದ್ದು

ಬದಲಾವಣೆ ಬಂದದ್ದು ಸಿಲಬಸ್‌ನ ದಾರಿಯಲ್ಲಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಸ್ಕೀಮ್‌ನಲ್ಲಿ ಕೊನೆಯ ಸೆಮಿಸ್ಟರ್‌ನ ಇಂಟರ್ನ್‌ಶಿಪ್‌ಗೆ ಇದ್ದದ್ದು 2 ಕ್ರೆಡಿಟ್. 2018ರ ಸ್ಕೀಮ್‌ನಲ್ಲಿ ಅದು 3 ಆಯಿತು. 2022ರ ಸ್ಕೀಮ್‌ನಲ್ಲಿ 14ರಿಂದ 20 ವಾರಗಳ ಇಂಟರ್ನ್‌ಶಿಪ್, 10 ಕ್ರೆಡಿಟ್. ಉದ್ದೇಶ ಒಳ್ಳೆಯದೇ. ಪುಸ್ತಕ ಓದಿ ಪರೀಕ್ಷೆ ಬರೆದವರಿಗೆ ಕಂಪನಿಯ ಕೆಲಸ ಗೊತ್ತಿರುವುದಿಲ್ಲ ಎಂಬ ದೂರು ಸುಳ್ಳಲ್ಲ.

ಆದರೆ ಇಡೀ ರಾಜ್ಯದ ಹುಡುಗರು ಒಂದೇ ಸಲಕ್ಕೆ ಜಾಗ ಹುಡುಕಲು ಹೊರಟರೆ ಅಷ್ಟು ಜಾಗ ಎಲ್ಲಿದೆ? ಸ್ಟೈಪೆಂಡ್ ಕೊಡುವ ಕಂಪನಿಗಳಲ್ಲಿ ಜಾಗ ಕಡಿಮೆ, ಅದಕ್ಕೆ ಪೈಪೋಟಿ ಜಾಸ್ತಿ. ಉಳಿದವರಿಗೆ ಸರ್ಟಿಫಿಕೇಟ್ ಬೇಕೇ ಬೇಕು, ಇಲ್ಲದಿದ್ದರೆ ಡಿಗ್ರಿ ಕೈಗೆ ಬರುವುದಿಲ್ಲ. ಬೇಡಿಕೆ ಇದ್ದ ಕಡೆ ಅಂಗಡಿ ಏಳುತ್ತದೆ. ಫೀಸು ತೆಗೆದುಕೊಂಡು, ಆನ್‌ಲೈನ್‌ನಲ್ಲಿ ನಾಲ್ಕು ವಿಡಿಯೊ ತೋರಿಸಿ, ಸರ್ಟಿಫಿಕೇಟ್ ಕೊಡುವವರು ಹುಟ್ಟಿಕೊಂಡರು. ಕಲಿಯುವವನಿಗೆ ಊಟ ಹಾಕುತ್ತಿದ್ದ ಕಾಲ ಹೋಗಿ, ಕಲಿಯುವವನೇ ದುಡ್ಡು ತೆರುವ ಕಾಲ ಬಂತು.

ಇದರ ಏಟು ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ. ಬೆಂಗಳೂರಿನಲ್ಲಿ ಮನೆ ಇರುವ ಹುಡುಗ ಸ್ಟೈಪೆಂಡ್ ಇಲ್ಲದಿದ್ದರೂ ನಾಲ್ಕು ತಿಂಗಳು ಒಳ್ಳೆಯ ಕಂಪನಿಗೆ ಹೋಗಿ ಬರಬಲ್ಲ. ಕಡಬದ ಹುಡುಗಿ ಅದೇ ಕಂಪನಿಗೆ ಹೋಗಬೇಕಾದರೆ ಪಿ.ಜಿ. ಬಾಡಿಗೆ, ಊಟ, ಓಡಾಟ ಎಲ್ಲವನ್ನೂ ಅಪ್ಪನೇ ಹೊಂದಿಸಬೇಕು. ಕೆರೆ ತುಂಬಿದ್ದರೂ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಹತ್ತದಿದ್ದರೆ ಏನಾಗುತ್ತದೆ ಎಂಬುದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಇರುವ ದಾರಿಗಳು

2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಶುರುಮಾಡಿತು. ತಿಂಗಳಿಗೆ 5,000 ರೂಪಾಯಿ, ಜೊತೆಗೆ ಒಂದು ಸಲಕ್ಕೆ 6,000 ರೂಪಾಯಿ. ಆದರೆ ಶುರುವಾದಾಗಿನ ನಿಯಮದಲ್ಲಿ ಪೂರ್ಣಾವಧಿ ಕಾಲೇಜಿನಲ್ಲಿ ಓದುತ್ತಿರುವವರಿಗೆ ಅವಕಾಶ ಇರಲಿಲ್ಲ. ಬಿ.ಸಿ.ಎ., ಬಿ.ಎಸ್ಸಿ. ಮುಗಿಸಿ ಮನೆಯಲ್ಲಿರುವವರು ಈಗಿನ ನಿಯಮವನ್ನು ಅದರ ಪೋರ್ಟಲ್‌ನಲ್ಲೇ ನೋಡಿಕೊಳ್ಳಬೇಕು.

ಬಿ.ಇ., ಡಿಪ್ಲೊಮಾ ಮುಗಿಸಿದವರಿಗೆ ಅಪ್ರೆಂಟಿಸ್ ದಾರಿ ಇದೆ. ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಹೆಲಿಕಾಪ್ಟರ್ ಕಾರ್ಖಾನೆ ಎಚ್‌ಎಎಲ್‌ನದು. ಆ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತ ಬಂದಿದೆ. ಅದರ ಪ್ರಕಟಣೆಗಳ ಮೇಲೆ ಕಣ್ಣಿಟ್ಟಿರಬೇಕು.

ಊರು ಬಿಡದೆಯೂ ಮಾಡಬಹುದಾದದ್ದು ಒಂದಿದೆ. ಗೂಗಲ್ 2005ರಿಂದ ನಡೆಸುತ್ತಿರುವ ‘ಸಮ್ಮರ್ ಆಫ್ ಕೋಡ್’ನಲ್ಲಿ ಆಯ್ಕೆಯಾದವರು ಮುಕ್ತ ತಂತ್ರಾಂಶದ ಯೋಜನೆಗಳಿಗೆ ಮನೆಯಿಂದಲೇ ಕೋಡ್ ಬರೆಯುತ್ತಾರೆ, ಹಣವನ್ನೂ ಪಡೆಯುತ್ತಾರೆ. ಆಯ್ಕೆ ಸುಲಭವಲ್ಲ. ಆದರೆ ಅಲ್ಲಿ ನೋಡುವುದು ನಿಮ್ಮ ಕೆಲಸವನ್ನು.

ದುಡ್ಡು ಕೊಡುವ ಮುನ್ನ

ಯಾರಾದರೂ ಇಂಟರ್ನ್‌ಶಿಪ್‌ಗೆ ಫೀಸು ಕೇಳಿದರೆ ನಾಲ್ಕು ಪ್ರಶ್ನೆ ಕೇಳಿ. ನಮ್ಮ ಮಗುವಿಗೆ ಕೊಡುವ ಕೆಲಸ ಯಾವುದು? ದಿನವೂ ಅದನ್ನು ನೋಡಿ ತಿದ್ದುವವರು ಯಾರು? ಆ ತಂತ್ರಾಂಶವನ್ನು ನಿಜವಾಗಿ ಬಳಸುವವರು ಯಾರಾದರೂ ಇದ್ದಾರೆಯೇ? ಹೋದ ವರ್ಷ ಇಲ್ಲಿ ಕಲಿತವರು ಈಗ ಎಲ್ಲಿದ್ದಾರೆ? ಉತ್ತರ ತಡವರಿಸಿದರೆ ಅದು ಇಂಟರ್ನ್‌ಶಿಪ್ ಅಲ್ಲ, ಬರಿಯ ಸರ್ಟಿಫಿಕೇಟಿನ ವ್ಯಾಪಾರ. ಹಣ ಕಟ್ಟುವ ಮೊದಲು ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗಕ್ಕೆ ಹೋಗಿ, ಸ್ಟೈಪೆಂಡ್ ಇರುವ ಅಥವಾ ಕಡೇಪಕ್ಷ ಫೀಸು ಇಲ್ಲದ ಜಾಗ ಯಾವುದಿದೆ ಎಂದು ವಿಚಾರಿಸಿ. ಕಡ್ಡಾಯ ಎಂದು ಹೇಳಿದವರಿಗೆ ಜಾಗ ತೋರಿಸುವ ಹೊಣೆಯೂ ಇದೆ. ಒಬ್ಬರೇ ಹೋಗಬೇಡಿ, ಅದೇ ಕ್ಲಾಸಿನ ನಾಲ್ಕು ಮಕ್ಕಳ ಮನೆಯವರು ಒಟ್ಟಿಗೆ ಹೋಗಿ ಕೇಳಿ.