ಹಳದಿ ಉಪ್ಪಿಟ್ಟು ಮತ್ತು ಕೈಕುಲುಕುವ ಡಬ್ಬಿ

ಹೋದ ತಿಂಗಳು ಬೇರೆ ಯಾವುದೋ ಸುದ್ದಿಗೆಂದು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಗೆ ಹೋಗಿದ್ದೆವು. ಸುದ್ದಿ ಸಿಗಲಿಲ್ಲ, ಚಹಾ ಸಿಕ್ಕಿತು. ಚಹಾ ಕೊಟ್ಟ ಮನೆಯ ಪಡಸಾಲೆಯಲ್ಲಿ ಒಂದು ಹಳೆಯ ಚೌಕ ಡಬ್ಬಿ ಇತ್ತು. ಒಳಗೆ ಶೇಂಗಾ ಬೀಜ. ಬಣ್ಣವೆಲ್ಲ ಉಜ್ಜಿ ಹೋಗಿದ್ದರೂ ಒಂದು ಮಗ್ಗುಲಲ್ಲಿ ಎರಡು ಕೈ ಕುಲುಕುತ್ತಿರುವ ಚಿತ್ರ ಮಸುಕಾಗಿ ಕಾಣುತ್ತಿತ್ತು.

"ಇದು ಸಾಲಿ ಎಣ್ಣಿ ಡಬ್ಬಿ ರೀ. ಅಮೆರಿಕಾದ್ದು. ನಾವು ಉಪ್ಪಿಟ್ಟು ತಿಂದು ಸಾಲಿ ಕಲತವರು" ಎಂದರು ಮನೆಯ ಹಿರಿಯರು. ಅವರಿಗೆ ಈಗ ಎಪ್ಪತ್ತರ ಹತ್ತಿರ.

ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ಒಮ್ಮೆ ಕೇಳಿ ನೋಡಿ. ಸರ್ಕಾರಿ ಶಾಲೆಗೆ ಹೋದವರಾದರೆ ಹಳದಿ ಉಪ್ಪಿಟ್ಟು, ಗೋಧಿ ನುಚ್ಚು, ಹಾಲಿನ ಪುಡಿ, ಈ ಮೂರರಲ್ಲಿ ಒಂದಾದರೂ ನೆನಪಿರುತ್ತದೆ. ಕೆಲವರು ಅದನ್ನು ಕೇರ್ ಉಪ್ಪಿಟ್ಟು ಎನ್ನುತ್ತಾರೆ, ಕೆಲವರು ಅಮೆರಿಕನ್ ಉಪ್ಪಿಟ್ಟು. ಅದು ನಮ್ಮ ಊರಿನ ಶಾಲೆಯವರೆಗೆ ಹೇಗೆ ಬಂತು, ಯಾಕೆ ಬಂತು, ಯಾಕೆ ನಿಂತಿತು ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇವೆ.

ಮೊದಲು ಒಂದು ಮಾತು. ಬಡ ಮಕ್ಕಳ ಊಟಕ್ಕೆ ಊರು ಕೊಡುವ ರೂಢಿ ನಮ್ಮಲ್ಲಿ ಅಮೆರಿಕದಿಂದ ಬಂದದ್ದಲ್ಲ. ವಾರಾನ್ನ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರ ಪೂರ್ತಿ ಏಳು ಮನೆಯಲ್ಲಿ ಉಂಡು ಓದಿದವರು ಎಷ್ಟೋ ಮಂದಿ. ಆದರೆ ಅದು ಜಾತಿಯ ಬೇಲಿಯೊಳಗಿನ ಊಟ. ಮಠಗಳ ಉಚಿತ ಪ್ರಸಾದ ನಿಲಯಗಳು ಬಂದ ಮೇಲೆ ಬಾಗಿಲು ಇನ್ನಷ್ಟು ಅಗಲವಾಯಿತು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳ ದಾಸೋಹಕ್ಕೆ ಸುತ್ತಲಿನ ರೈತರು ಸುಗ್ಗಿಯಲ್ಲಿ ರಾಗಿ, ಭತ್ತ, ತೆಂಗಿನಕಾಯಿ ಕೊಡುತ್ತ ಬಂದಿದ್ದಾರೆ. ಕೊಟ್ಟವನ ಹೊಲವೂ ಉಣ್ಣುವವನ ತಟ್ಟೆಯೂ ಒಂದೇ ಸೀಮೆಯವು. ಕೇರ್ ಉಪ್ಪಿಟ್ಟಿನ ಕಥೆ ಹಾಗಲ್ಲ. ಕೊಟ್ಟವರು ಯಾರೆಂದು ಉಂಡವರಿಗೆ ಗೊತ್ತಿರಲಿಲ್ಲ, ಉಂಡವರು ಯಾರೆಂದು ಕೊಟ್ಟವರಿಗೂ ಗೊತ್ತಿರಲಿಲ್ಲ.

ಕೇರ್ ಎಂಬ ಸಂಸ್ಥೆ ಹುಟ್ಟಿದ್ದು 1945ರಲ್ಲಿ, ಎರಡನೇ ಮಹಾಯುದ್ಧ ಮುಗಿದ ಬೆನ್ನಿಗೆ. ಅಮೆರಿಕದ 22 ಸಂಘಟನೆಗಳು ಸೇರಿ ಕಟ್ಟಿದ್ದು. ಆಗ ಹಸಿದಿದ್ದವರು ನಾವಲ್ಲ, ಯುರೋಪಿನವರು! (ನಾವೂ ಹಸಿದಿದ್ದೆವು, ಆದರೆ ಲೆಕ್ಕದಲ್ಲಿ ಇರಲಿಲ್ಲ.) ಸೈನಿಕರಿಗೆಂದು ಕಟ್ಟಿಟ್ಟು ಯುದ್ಧ ಮುಗಿದದ್ದರಿಂದ ಉಳಿದುಹೋದ ಆಹಾರದ ಪೆಟ್ಟಿಗೆಗಳು ರಾಶಿ ಬಿದ್ದಿದ್ದವು. ಒಂದು ಪೆಟ್ಟಿಗೆ ಎಂದರೆ ಹತ್ತು ಸೈನಿಕರ ಒಂದು ದಿನದ ಊಟ. ಅಮೆರಿಕದಲ್ಲಿದ್ದವರು ದುಡ್ಡು ಕಟ್ಟಿದರೆ ಯುರೋಪಿನಲ್ಲಿದ್ದ ಅವರ ನೆಂಟರಿಗೆ ಪೆಟ್ಟಿಗೆ ತಲುಪುತ್ತಿತ್ತು. ಮೊದಲ ಪೆಟ್ಟಿಗೆಗಳು 1946ರ ಮೇ 11ರಂದು ಫ್ರಾನ್ಸಿನ ಲ ಹಾವ್ರ ಬಂದರಿನಲ್ಲಿ ಇಳಿದವು. ಯುರೋಪು ಚೇತರಿಸಿಕೊಂಡ ಮೇಲೆ ಸಂಸ್ಥೆ ಬೇರೆ ದೇಶಗಳ ಕಡೆ ತಿರುಗಿತು. ಭಾರತ ಸರ್ಕಾರದ ಜೊತೆ ಒಪ್ಪಂದ ಆದದ್ದು 1950ರಲ್ಲಿ.

ಆದರೆ ಶಾಲೆ ಶಾಲೆಗೆ ಮೂಟೆ ಬರುವಷ್ಟು ಸಾಮಾನು ಜನರ ಚಂದಾ ಹಣದಿಂದ ಬಂದದ್ದಲ್ಲ. ಅದರ ಹಿಂದೆ ಇರುವುದು 1954ರ ಜುಲೈ 10ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಒಂದು ಕಾಯ್ದೆ. ನಮ್ಮ ಹಿರಿಯರ ಬಾಯಲ್ಲಿ ಅದು ಪಿ.ಎಲ್. 480. ಅಲ್ಲಿನ ರೈತರು ಬೆಳೆದದ್ದು ಹೆಚ್ಚಾಗಿ ಬೆಲೆ ಬೀಳದಂತೆ ಸರ್ಕಾರವೇ ಕೊಳ್ಳುತ್ತಿತ್ತು. ಗೋದಾಮು ತುಂಬಿ ತುಳುಕುತ್ತಿತ್ತು. ಇಟ್ಟರೆ ಹುಳ, ಮಾರಿದರೆ ಬೆಲೆ ಕುಸಿತ. ಹೊರದೇಶಕ್ಕೆ ಕಳಿಸುವುದೇ ದಾರಿ. ಬೆಂಬಲ ಬೆಲೆಗೆ ತೊಗರಿ ಕೊಟ್ಟು ಖರೀದಿ ಕೇಂದ್ರದ ಮುಂದೆ ಸಾಲು ನಿಂತ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಪಿ.ಎಲ್. 480 ಎಂದರೆ ಎಲ್ಲವೂ ದಾನ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಹೆಚ್ಚಿನ ಪಾಲಿನ ಗೋಧಿಯನ್ನು ನಮ್ಮ ಸರ್ಕಾರ ದುಡ್ಡು ಕೊಟ್ಟೇ ಕೊಂಡಿತು, ಡಾಲರ್ ಬದಲು ರೂಪಾಯಿಯಲ್ಲಿ. ರೇಷನ್ ಅಂಗಡಿಗೆ ಹೋದದ್ದು ಅದು. ಕೇರ್‌ನಂಥ ಸಂಸ್ಥೆಗಳ ಮೂಲಕ ಶಾಲೆಗೆ, ಬಾಣಂತಿಯರಿಗೆ, ಚಿಕ್ಕ ಮಕ್ಕಳಿಗೆ ಹೋದ ಇನ್ನೊಂದು ಸಣ್ಣ ಪಾಲು ಮಾತ್ರ ದಾನ. ಆ ದಾನವೂ ಪೂರ್ತಿ ಪುಕ್ಕಟೆ ಅಲ್ಲ. ಬಂದರಿನಲ್ಲಿ ಸುಂಕ ಬಿಟ್ಟದ್ದು, ಬಂದರಿನಿಂದ ಒಳನಾಡಿಗೆ ಸಾಗಿಸಿದ್ದು ನಮ್ಮ ಸರ್ಕಾರದ ಖರ್ಚು. ಕೊನೆಯ ಖರ್ಚು, ಅಂದರೆ ಸೌದೆ, ನೀರು, ಕೆಲಸ, ಊರಿನದು.

"ಸೌದಿ ನಾವs ಒಯ್ಯತಿದ್ವಿ. ಒಬ್ಬೊಬ್ಬರು ಒಂದೊಂದು ಕಟ್ಟಗಿ. ತರದಿದ್ದವಂಗ ಮಾಸ್ತರ ಬೈತಿದ್ರು" ಎಂದು ಹಿರಿಯರು ನಕ್ಕರು. ಅಡುಗೆಗೆ ಬೇರೆ ಜನ ಇರಲಿಲ್ಲವಂತೆ. ದೊಡ್ಡ ತರಗತಿಯ ಹುಡುಗರು ಒಲೆ ಹೂಡುವುದು, ಮಾಸ್ತರು ಹುಟ್ಟು ಹಾಕುವುದು. ಮಳೆ ಬಂದರೆ ಪಾಠವೂ ಇಲ್ಲ, ಉಪ್ಪಿಟ್ಟೂ ಇಲ್ಲ. ಮನೆಯಿಂದ ತಟ್ಟೆ ತರಬೇಕು, ತಟ್ಟೆ ಇಲ್ಲದವರಿಗೆ ಮುತ್ತಲ ಎಲೆ.

ಈ ಹಳದಿ ಹಿಟ್ಟು ಏನು ಎಂಬುದೂ ಕುತೂಹಲದ ವಿಷಯ. ಮೊದಲ ವರ್ಷಗಳಲ್ಲಿ ಹೆಚ್ಚು ಬಂದದ್ದು ಹಾಲಿನ ಪುಡಿ. ಬೆಣ್ಣೆ ತೆಗೆದ ಹಾಲು ಅಮೆರಿಕದಲ್ಲಿ ಮಿಗುತ್ತಿತ್ತು, ಅದನ್ನು ಒಣಗಿಸಿ ಕಳಿಸುತ್ತಿದ್ದರು. 1960ರ ದಶಕದ ನಡುವೆ ಆ ಮಿಗತೆ ಕಡಿಮೆಯಾಯಿತು. ಆಗ ಅದರ ಜಾಗಕ್ಕೆ 1966ರಲ್ಲಿ ಹೊಸದೊಂದು ಮಿಶ್ರಣ ತಯಾರಿಸಿದರು, ಹೆಸರು ಸಿ.ಎಸ್.ಎಂ. ಅರ್ಧ ಬೆಂದ ಮೆಕ್ಕೆಜೋಳದ ಹಿಟ್ಟು ಸುಮಾರು ಮೂರರಲ್ಲಿ ಎರಡು ಪಾಲು, ಸೋಯಾ ಹಿಟ್ಟು ಸುಮಾರು ಕಾಲು ಪಾಲು, ಉಳಿದದ್ದು ಹಾಲಿನ ಪುಡಿ, ಎಣ್ಣೆ, ವಿಟಮಿನ್ ಮತ್ತು ಲವಣ. ನೂರು ಗ್ರಾಂ ತಿಂದರೆ ಸುಮಾರು 20 ಗ್ರಾಂ ಪ್ರೋಟೀನ್. ಮೆಕ್ಕೆಜೋಳದಿಂದಲೇ ಆ ಹಳದಿ ಬಣ್ಣ. ಗೋಧಿ ನುಚ್ಚು ಎಂದದ್ದು ಬಲ್ಗರ್: ಗೋಧಿಯನ್ನು ಬೇಯಿಸಿ, ಒಣಗಿಸಿ, ಒಡೆದದ್ದು. ನಮ್ಮ ಕುಸುಬಲಕ್ಕಿ ಇದ್ದಹಾಗೆ, ಬೇಗ ಕೆಡುವುದಿಲ್ಲ, ಬೇಗ ಬೇಯುತ್ತದೆ. ಜೊತೆಗೆ ಡಬ್ಬಿಯಲ್ಲಿ ಎಣ್ಣೆ.

ಅಂದರೆ ನಮ್ಮ ಶಾಲೆಯ ತಟ್ಟೆಯಲ್ಲಿ ಇವತ್ತು ಹಾಲೋ ಉಪ್ಪಿಟ್ಟೋ ಎಂಬುದನ್ನು ಸಾವಿರಾರು ಮೈಲಿ ದೂರದ ಗೋದಾಮು ನಿರ್ಧರಿಸುತ್ತಿತ್ತು. ಆ ಹಿಟ್ಟಿನಿಂದ ಉಪ್ಪಿಟ್ಟು ಮಾಡಬಹುದು ಎಂದು ಕಂಡುಹಿಡಿದದ್ದು ಮಾತ್ರ ನಮ್ಮವರು. ಅಮೆರಿಕದವರು ಗಂಜಿ ಮಾಡಲು ಕಳಿಸಿದ್ದು. ಸಾಸಿವೆ, ಮೆಣಸಿನಕಾಯಿ, ಈರುಳ್ಳಿ ಹಾಕಿ ಒಗ್ಗರಣೆ ಕೊಟ್ಟ ಮೇಲೆ ಅದು ನಮ್ಮದಾಯಿತು.

ಮದ್ರಾಸಿನಲ್ಲಿ ಇದು ಇನ್ನೂ ದೊಡ್ಡದಾಗಿ ಬೆಳೆಯಿತು. ಅಲ್ಲಿ ಮುಖ್ಯಮಂತ್ರಿ ಕಾಮರಾಜ್ 1956ರಲ್ಲಿ ಊರವರ ಕೊಡುಗೆಯನ್ನೂ ಸೇರಿಸಿಕೊಂಡು ಮಧ್ಯಾಹ್ನದ ಊಟ ಶುರು ಮಾಡಿದ್ದರು, 1961ರಲ್ಲಿ ಕೇರ್ ಅದಕ್ಕೆ ಕೈ ಸೇರಿಸಿತು.

ದಾನದ ಹಗ್ಗ ಯಾರ ಕೈಯಲ್ಲಿ ಇರುತ್ತದೆ ಎಂಬುದು ಗೊತ್ತಾದದ್ದು 1965 ಮತ್ತು 66ರ ಬರಗಾಲದಲ್ಲಿ. ಎರಡು ವರ್ಷ ಸಾಲಾಗಿ ಮಳೆ ಕೈಕೊಟ್ಟಿತು. 1966ರಲ್ಲಿ ದೇಶ ತರಿಸಿದ ಧಾನ್ಯ ಸುಮಾರು 1 ಕೋಟಿ ಟನ್. ಹಡಗಿನಿಂದ ನೇರ ಬಾಯಿಗೆ ಎಂಬ ಮಾತು ಹುಟ್ಟಿದ್ದು ಆಗಲೇ. ಅಧ್ಯಕ್ಷ ಜಾನ್ಸನ್ ವರ್ಷದ ಲೆಕ್ಕದಲ್ಲಿ ಕಳಿಸದೆ, ಭಾರತ ಕೃಷಿ ನೀತಿ ಬದಲಿಸುತ್ತದೋ, ವಿಯೆಟ್ನಾಂ ಯುದ್ಧದ ಬಗ್ಗೆ ಏನು ಮಾತಾಡುತ್ತದೋ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಹಡಗು ಬಿಡುತ್ತಿದ್ದರು. ಆ ಅವಮಾನವೂ ಹಸಿರು ಕ್ರಾಂತಿಗೆ ಒಂದು ಕಾರಣ.

ಇನ್ನೊಂದು ಗುರುತು ನಿಮ್ಮ ಹೊಲದ ಬದುವಿನಲ್ಲೇ ಇದೆ. ಕಾಂಗ್ರೆಸ್ ಹುಲ್ಲು, ಪಾರ್ಥೇನಿಯಂ. ಅದು ಅಮೆರಿಕದ ಗೋಧಿಯ ಜೊತೆ ಬಂತು ಎಂದು ಎಲ್ಲರೂ ಹೇಳುತ್ತಾರೆ. 1950ರ ದಶಕದಲ್ಲಿ ಪುಣೆಯಲ್ಲಿ ಅದು ಹಬ್ಬಿದ್ದು ದಾಖಲಾಗಿದೆ ನಿಜ. ಆದರೆ ಅದಕ್ಕೂ ಬಹಳ ಹಿಂದೆಯೇ ಈ ಗಿಡ ದೇಶದಲ್ಲಿತ್ತು ಎಂದು ವಾದಿಸುವ ಸಸ್ಯಶಾಸ್ತ್ರಜ್ಞರೂ ಇದ್ದಾರೆ. ಹಾಗಾಗಿ ಎಲ್ಲ ತಪ್ಪನ್ನೂ ಗೋಧಿಯ ತಲೆಗೆ ಕಟ್ಟಲು ನಾವು ತಯಾರಿಲ್ಲ.

ಹಾಗಾದರೆ ಈ ದಾನದಿಂದ ಮಕ್ಕಳಿಗೆ ಏನಾಯಿತು? ಹಿರಿಯರನ್ನು ಹೀಗೇ ನೇರ ಕೇಳಿದೆವು. ಅವರು ತುಸು ಹೊತ್ತು ಸುಮ್ಮನಿದ್ದು ಹೇಳಿದರು: "ಮನ್ಯಾಗ ಮುಂಜಾನಿ ಕಟಕ ರೊಟ್ಟಿ ಇದ್ರ ಇತ್ತು, ಇಲ್ಲಂದ್ರ ಇಲ್ಲ. ದನಾ ಕಾಯಾಕ ಹೋಗಂತ ಅಪ್ಪ ಅಂತಿದ್ದ. ಅವ್ವ ಮಾತ್ರ, ಸಾಲಿಗೆ ಹೋಗು, ಒಂದು ಹೊತ್ತು ಉಪ್ಪಿಟ್ಟರೆ ಸಿಗತೈತಿ ಅಂತಿದ್ಲು. ಹಂಗ ಹೋಗಿ ಏಳನೇತ್ತ ಪಾಸಾದೆ."

ಆಮೇಲೆ, ನಾವು ಕೇಳದಿದ್ದರೂ, ಇನ್ನೊಂದು ಮಾತು ಸೇರಿಸಿದರು. ಕೇರಿಯ ಹುಡುಗರನ್ನು ಬೇರೆ ಸಾಲಿನಲ್ಲಿ ಕೂರಿಸುತ್ತಿದ್ದರು, ಅವರ ತಟ್ಟೆಗೆ ಮೇಲಿನಿಂದ ಹಾಕುತ್ತಿದ್ದರು. ಅವರಲ್ಲಿ ಒಬ್ಬ ಇವರ ಗೆಳೆಯ. ಅವನು ಒಂದು ದಿನ ತಟ್ಟೆ ಬಿಟ್ಟು ಎದ್ದು ಹೋದವನು ಮತ್ತೆ ಶಾಲೆಗೆ ಬರಲಿಲ್ಲವಂತೆ. ಹಡಗು ಹತ್ತಿ ಬಂದ ಹಿಟ್ಟು ಸಮುದ್ರ ದಾಟಿತು, ಶಾಲೆಯ ಅಂಗಳದ ಆ ಒಂದು ಮಾರು ದಾಟಲಿಲ್ಲ.

ಕಳವೂ ಇತ್ತು. ಮಾರಬಾರದು, ಬದಲಿ ಕೊಡಬಾರದು ಎಂದು ಚೀಲದ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದರೂ ಹಿಟ್ಟು ಕೆಲವರ ಎಮ್ಮೆಗೆ ಹೋಯಿತು, ಎಣ್ಣೆ ಕೆಲವರ ಅಡುಗೆಮನೆಗೆ. ಖಾಲಿ ಡಬ್ಬಿಯಂತೂ ಊರಿನ ಆಸ್ತಿ. ಅದರಲ್ಲಿ ನೀರು ಹೊತ್ತರು, ಕಾಳು ಅಳೆದರು, ತಗಡು ಬಿಡಿಸಿ ಚಪ್ಪರಕ್ಕೆ ಹೊಡೆದರು.

ದೇಶದಲ್ಲಿ ಧಾನ್ಯ ಬೆಳೆದಂತೆ ಹಡಗು ಕಡಿಮೆಯಾದವು, ಕೇರ್ ಆಹಾರ ಚಿಕ್ಕ ಮಕ್ಕಳ ಕಡೆಗೆ ಸರಿಯಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲನೆಯದು ಟಿ. ನರಸೀಪುರ. ಹಲವು ರಾಜ್ಯಗಳ ಅಂಗನವಾಡಿಗೆ ಮುಂದೆಯೂ ಬಹಳ ವರ್ಷ ಕೇರ್ ಸಾಮಾನು ಹೋಗುತ್ತಿತ್ತು. ನಮ್ಮ ಶಾಲೆಗಳ ಉಪ್ಪಿಟ್ಟು ಮಾತ್ರ ನಿಂತುಹೋಯಿತು.

ನಾವು ಶಾಲೆಗೆ ಹೋಗುವ ಹೊತ್ತಿಗೆ ಉಪ್ಪಿಟ್ಟೂ ಇರಲಿಲ್ಲ, ಬಿಸಿಯೂಟವೂ ಇರಲಿಲ್ಲ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ತಂದ ಯೋಜನೆಯಲ್ಲಿ ನೂರಕ್ಕೆ 80ರಷ್ಟು ಹಾಜರಿ ಇದ್ದ ಮಗುವಿಗೆ ತಿಂಗಳಿಗೆ 3 ಕೆ.ಜಿ. ಧಾನ್ಯ. ನಮಗೆ ಸಿಕ್ಕಿದ್ದು ಅಕ್ಕಿ. ಚೀಲ ಹಿಡಿದು ಸಾಲು ನಿಲ್ಲುತ್ತಿದ್ದೆವು. ಅಳತೆಗೆ ತಕ್ಕಡಿ ಇರಲಿಲ್ಲ, ಡಬ್ಬಿ ಇತ್ತು. ಮನೆಗೆ ಬಂದು ತೂಗಿದರೆ ಎರಡೂವರೆ. ಆ ಅಕ್ಕಿ ಮನೆಯವರೆಲ್ಲ ಸೇರಿ ಎರಡು ದಿನಕ್ಕೆ ಉಂಡು ಮುಗಿಸುತ್ತಿದ್ದೆವು. ಶಾಲೆಯಲ್ಲಿ ಮಧ್ಯಾಹ್ನ ಹೊಟ್ಟೆ ಖಾಲಿಯೇ. ಬೇಯಿಸಿ ಬಡಿಸಿದ ಒಂದು ಸೌಟಿಗೂ ಚೀಲದಲ್ಲಿ ಕೊಟ್ಟ ಧಾನ್ಯಕ್ಕೂ ಇರುವ ವ್ಯತ್ಯಾಸ ನಮಗೆ ಹೊಟ್ಟೆಯಿಂದಲೇ ಗೊತ್ತು.

2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಿ ಎಂದು ಆದೇಶ ಮಾಡಿತು. 2002ರಲ್ಲಿ ಅಕ್ಷರ ದಾಸೋಹ ಮೊದಲು ರಾಜ್ಯದ ಈಶಾನ್ಯದ 7 ಜಿಲ್ಲೆಗಳಲ್ಲಿ ಶುರುವಾಯಿತು, ಕೊಪ್ಪಳವೂ ಅದರಲ್ಲಿ ಒಂದು. ಅಲ್ಲಿಂದ ಅದು ದಾನ ಅಲ್ಲ, ಹಕ್ಕು. ಮಾಸ್ತರು ಹುಟ್ಟು ಹಾಕುವುದೂ ನಿಂತಿತು, ಊರಿನ ಹೆಣ್ಣುಮಕ್ಕಳಿಗೆ ಅಡುಗೆಯ ಕೆಲಸ ಬಂತು. ಗೌರವಧನದ ಮಾತು ಬೇರೆ, ಅದಕ್ಕೆ ಇನ್ನೊಂದು ಲೇಖನವೇ ಬೇಕು.

ಹೀಗೆ ಮುಗಿಯಿತು ಎಂದುಕೊಂಡ ದಾನ ಈಗ ಮತ್ತೊಂದು ರೂಪದಲ್ಲಿ ಬಂದಿದೆ. 2021ರ ಡಿಸೆಂಬರಿನಲ್ಲಿ ನಮ್ಮ ಭಾಗದ ಶಾಲೆಗಳಿಗೆ ಮೊಟ್ಟೆ ಬಂತು, ವಿರೋಧವೂ ಬಂತು, ಬೇಡವೆಂದವರಿಗೆ ಬಾಳೆಹಣ್ಣು. ಸರ್ಕಾರ ವಾರಕ್ಕೆ ಎರಡು ದಿನ ಕೊಡುತ್ತಿದ್ದುದನ್ನು 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಉಳಿದ ನಾಲ್ಕು ದಿನದ ಖರ್ಚು ಹೊತ್ತು ಆರು ದಿನಕ್ಕೆ ಏರಿಸಿತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ಇಲ್ಲಿ ಬರುವುದು ಹಡಗಿನ ಸಾಮಾನಲ್ಲ, ದುಡ್ಡು. ಮೊಟ್ಟೆ ಇಲ್ಲೇ ಕೊಳ್ಳುವುದು. ಇದು ದೊಡ್ಡ ಸುಧಾರಣೆ ಎಂದೇ ನಾವು ತಿಳಿದಿದ್ದೇವೆ.

ವಾಪಸ್ ಬರುವಾಗ ಆ ಊರಿನ ಶಾಲೆಯ ಅಡುಗೆ ಕೋಣೆಗೂ ಹೋದೆವು. ಮೊಟ್ಟೆ ಸುಲಿಯುತ್ತಿದ್ದ ಮುಖ್ಯ ಅಡುಗೆಯವರಿಗೆ ಈ ಮೂರು ವರ್ಷದ ಲೆಕ್ಕ ಗೊತ್ತಿರಲಿಲ್ಲ. ಹೇಳಿದೆವು.

"ಮೂರು ವರ್ಷ ಆದಮ್ಯಾಲ ಹೆಂಗ್ರೀ?" ಎಂದರು. "ಹುಡುಗರಿಗೆ ರೂಢಿ ಆಗೇತಿ."

ಪ್ರಶ್ನೆಯನ್ನು ಬರೆದುಕೊಂಡು ಬಂದಿದ್ದೇವೆ. ಮುಂದಿನ ವಾರ ತಾಲ್ಲೂಕಿಗೆ ಹೋದಾಗ ಕೇಳಬೇಕು.