ಹಳೆಯ ಸ್ಪರ್ಧಾ ಗ್ಲೈಡರ್‌ಗಳ ಸಾಮರ್ಥ್ಯ ಹೋಲಿಕೆ
ಗ್ಲೈಡರ್ ಎಂಬುದು ಎಂಜಿನ್ನಿನ ಬಲವಿಲ್ಲದೆ, ಮೇಲೇರುವ ಗಾಳಿಯನ್ನು ಆಶ್ರಯಿಸಿ ಹಾರುವ ವಿಮಾನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆ ಅವರು ರೂಪಿಸಿದ ಜಿ-1 ಗ್ಲೈಡರ್ ಸೈನಿಕರನ್ನು ಸಾಗಿಸಲು ಉದ್ದೇಶಿಸಿದ್ದು. ಸ್ಪರ್ಧೆಯ ಗ್ಲೈಡರ್‌ಗಳ ಅಳತೆಗೋಲು ಬೇರೆ.

ಸಾಮಾನ್ಯವಾಗಿ ಹೋಲಿಸುವುದು ಗ್ಲೈಡ್ ಅನುಪಾತವನ್ನು; ಅಂದರೆ ನಿಶ್ಚಲ ಗಾಳಿಯಲ್ಲಿ ಒಂದು ಕಿ.ಮೀ. ಇಳಿಯುವಷ್ಟರಲ್ಲಿ ಎಷ್ಟು ಕಿ.ಮೀ. ಮುಂದೆ ಸಾಗುತ್ತದೆ ಎಂಬುದನ್ನು. ಸ್ಟ್ಯಾಂಡರ್ಡ್ ವರ್ಗದಲ್ಲಿ ರೆಕ್ಕೆಯ ಹರವು 15 ಮೀಟರ್ ಮೀರುವಂತಿಲ್ಲ. ಈ ವರ್ಗದ ಮರದ ಗ್ಲೈಡರ್ ಕಾ 6ರ ಅನುಪಾತ ಸುಮಾರು 30. ಗಾಜಿನ ನಾರಿನಿಂದಾದ ಸ್ಟ್ಯಾಂಡರ್ಡ್ ಸಿರಸ್‌ನದು (1969) ಸುಮಾರು 37. ದೆಹಲಿಯ ಸಫ್ದರ್‌ಜಂಗ್‌ನಲ್ಲಿ ಎಸ್. ರಾಮಾಮೃತಂ ರೂಪಿಸಿ 1963ರಲ್ಲಿ ಹಾರಿದ ‘ಕಾರ್ತಿಕ್’ ಕೂಡ ಮರದ ಪೀಳಿಗೆಗೇ ಸೇರಿದ್ದು. ರೆಕ್ಕೆಯ ಅಂಚಿಗೆ ಫ್ಲ್ಯಾಪ್ ಅಳವಡಿಸಬಹುದಾದ 15 ಮೀಟರ್ ವರ್ಗದ ಎಎಸ್‌ಡಬ್ಲ್ಯು 20 ಸುಮಾರು 42 ಮುಟ್ಟಿತು. ಹರವಿಗೆ ಮಿತಿಯೇ ಇಲ್ಲದ ಮುಕ್ತ ವರ್ಗದಲ್ಲಿ 20.3 ಮೀಟರಿನ ನಿಂಬಸ್ 2 ಸುಮಾರು 49ರವರೆಗೆ ಹೋಯಿತು.

ಆದರೆ ಈ ಅಂಕಿಗಳಷ್ಟರಿಂದಲೇ ತೀರ್ಮಾನಿಸುವುದು ಸಲ್ಲದು. ಗರಿಷ್ಠ ಅನುಪಾತ ದೊರೆಯುವುದು ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ. ಒಳ್ಳೆಯ ಹವೆಯಲ್ಲಿ ಸ್ಪರ್ಧಿಯು ಅದಕ್ಕಿಂತ ವೇಗವಾಗಿ ಸಾಗುತ್ತಾನೆ. ಆಗ ಹಳೆಯ ಗ್ಲೈಡರ್‌ಗಳು ಬೇಗ ಕೆಳಗಿಳಿಯುತ್ತವೆ.

ಆದ್ದರಿಂದ ಕ್ಲಬ್ ವರ್ಗದಲ್ಲಿ ಪ್ರತಿ ಮಾದರಿಗೂ ಒಂದು ಸೂಚ್ಯಂಕವಿದ್ದು, ವೇಗವನ್ನು ಅದರಿಂದ ಭಾಗಿಸುತ್ತಾರೆ. ಉದಾಹರಣೆಗೆ, ಸೂಚ್ಯಂಕ 1.10 ಇರುವ ಗ್ಲೈಡರ್ ಗಂಟೆಗೆ 88 ಕಿ.ಮೀ. ಹಾರಿದರೆ ಲೆಕ್ಕಕ್ಕೆ ಬರುವುದು 80, ಸೂಚ್ಯಂಕ 1.00 ಇರುವುದು 82 ಹಾರಿದರೆ 82. ನಿಧಾನದ್ದೇ ಗೆದ್ದಂತಾಯಿತು! ಈ ವ್ಯವಸ್ಥೆಯೂ ಪೂರ್ಣ ನ್ಯಾಯದ್ದಲ್ಲ. ಸೂಚ್ಯಂಕವನ್ನು ಸಾಧಾರಣ ಹವೆಯನ್ನು ಗಮನದಲ್ಲಿಟ್ಟು ನಿಗದಿ ಮಾಡಿರುತ್ತಾರೆ. ಗಾಳಿ ಬಲವಾಗಿ ಮೇಲೇರುವ ದಿನ ಭಾರವಾದ ಹೊಸ ಗ್ಲೈಡರಿಗೂ, ಮಂದವಾಗಿರುವ ದಿನ ಹಗುರವಾದ ಹಳೆಯದಕ್ಕೂ ಅನುಕೂಲವಾಗುತ್ತದೆ.