ಹೆಸರು ಹೇಳದ 28 ಲಕ್ಷ ಹೆಂಗಸರು

ಇವತ್ತು ನಾನು ಹೇಳೋದು 1951–52ರ ಮೊದಲ ಸಾರ್ವತ್ರಿಕ ಚುನಾವಣೆಯ ಮತದಾರರ ಪಟ್ಟಿ ಕತೆ. ಅದರಲ್ಲಿ 17 ಕೋಟಿಗೂ ಹೆಚ್ಚು ಜನ ಇದ್ರು. ಆದ್ರೆ ಬಿಹಾರ, ರಾಜಸ್ಥಾನದಂಥ ಕಡೆ ಎಷ್ಟೋ ಹೆಂಗಸರು ಹೊರಗಿನವರ ಮುಂದೆ ಹೆಸರೇ ಹೇಳಲಿಲ್ಲ. ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಅಂತಷ್ಟೇ ಬರೆಸಿದ್ರು. ನಮ್ಮ ಅಜ್ಜಿಯರು ಗಂಡನ ಹೆಸರು ಹೇಳ್ತಿರಲಿಲ್ಲ; ಇವರು ತಮ್ಮದೇ ಹೆಸರು!

ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ. ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಮಹಿಳೆಯರನ್ನು ಪಟ್ಟಿಯಿಂದ ಕೈಬಿಡಲಾಯಿತು. ಇದರಿಂದ ಎದ್ದ ಗಲಾಟೆಯಲ್ಲೇ ಮುಂದಿನ ಚುನಾವಣೆ ಹೊತ್ತಿಗೆ ಸಂಕೋಚ ಹೋಗುತ್ತೆ ಅನ್ನೋದು ಸೇನ್ ಲೆಕ್ಕ. ನನಗಂತೂ ಶಿಕ್ಷೆ ಜಾಸ್ತಿ ಆಯ್ತು ಅನ್ಸುತ್ತೆ. ಹೆಸರು ಹೇಳಬಾರದು ಅಂತ ಕಲಿಸಿದವರು ಮತ ಹಾಕಿದ್ರು, ಕಲಿತವರು ಮನೇಲೇ ಉಳಿದ್ರು.

ಈಗ 17 ತುಂಬಿದ್ರೆ ಸಾಕು, ಫೋನ್‌ನಲ್ಲೇ ಫಾರ್ಮ್ 6 ಮುಂಚಿತವಾಗಿ ಹಾಕಬಹುದು. ಹಾಕುವಾಗ ಅಜ್ಜಿಯ ಹೆಸರೂ ಪಟ್ಟಿಯಲ್ಲಿ ಸರಿಯಾಗಿದೆಯಾ ನೋಡಿಬಿಡಿ.